ಬೆಳ್ಳಿ ಬಟ್ಟಲು ಉಳಿಯಿತು, ಮಸಿಬಟ್ಟೆ ಉಳಿಯಲಿಲ್ಲ

ಪ್ರಶ್ನೆ: ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. 19ನೇ ಶತಮಾನದ ಅಮೆರಿಕದ ಯಹೂದಿ ಹೆಂಗಸರ ಬಗ್ಗೆ ಕಿರುಪ್ರಬಂಧ ಬರೆಯಬೇಕಾಗಿದೆ. ದಿನಚರಿ, ಆತ್ಮಕಥೆ ಹೆಚ್ಚು ಸಿಗುತ್ತಿಲ್ಲ. ಆದರೆ ಮ್ಯೂಸಿಯಂಗಳ ಆನ್‌ಲೈನ್ ಸಂಗ್ರಹದಲ್ಲಿ ಕ್ಯಾಂಡಲ್ ಸ್ಟ್ಯಾಂಡ್, ಫೋಟೋ, ಕಸೂತಿ ಬಟ್ಟೆ, ಅಡುಗೆಪುಸ್ತಕ ಬೇಕಾದಷ್ಟಿವೆ. ಇವುಗಳಿಂದ ಅವರ ಬದುಕನ್ನು ಓದುವುದು ಹೇಗೆ? ಎಲ್ಲಿ ಎಡವುವ ಸಾಧ್ಯತೆ ಇದೆ?

ಉತ್ತರ: ಓದಬಹುದು, ಆದರೆ ಎಲ್ಲರೂ ಶುರು ಮಾಡುವ ಕಡೆಯಿಂದ ಶುರು ಮಾಡಬೇಡಿ. ಮ್ಯೂಸಿಯಂನ ಚಿತ್ರ ತೆರೆದ ಕೂಡಲೇ "ಇದೇನು, ಯಾವ ಕಾಲದ್ದು" ಎಂದು ಕೇಳುವುದು ರೂಢಿ. ಅದಕ್ಕೂ ಮೊದಲು ಕೇಳಬೇಕಾದ ಮಾತು ಬೇರೆ: ಇದು ಹೇಗೆ ಉಳಿಯಿತು, ಉಳಿಸಿದವರು ಯಾರು? ಬೆಳ್ಳಿ ಬಟ್ಟಲನ್ನು ಮಗಳಿಗೆ, ಮೊಮ್ಮಗಳಿಗೆ ಕೊಟ್ಟು ಹೋಗುತ್ತಾರೆ. ಒಲೆಯಿಂದ ಪಾತ್ರೆ ಇಳಿಸಿದ ಮಸಿಬಟ್ಟೆಯನ್ನು ಯಾರೂ ಉಯಿಲಿನಲ್ಲಿ ಬರೆಯುವುದಿಲ್ಲ. ನಿಮ್ಮ ಕಣ್ಣಿಗೆ ಬೀಳುವ ಪ್ರತಿ ವಸ್ತುವೂ ಹೀಗೆ ಜರಡಿಯಲ್ಲಿ ಜಾಲಿಸಿ ಉಳಿದದ್ದು. ಆ ಜರಡಿಯ ಕಣ್ಣು ಎಷ್ಟು ಅಗಲವಿತ್ತು ಎಂದು ತಿಳಿಯದೆ ಬರೆದ ಪ್ರಬಂಧ ಶ್ರೀಮಂತರ ಪಡಸಾಲೆಯ ವರ್ಣನೆಯಾಗಿ ಮುಗಿಯುತ್ತದೆ.

ಜನಸಂಖ್ಯೆಯ ಅಂದಾಜು ಮನಸ್ಸಿನಲ್ಲಿರಲಿ. 1820ರಲ್ಲಿ ಇಡೀ ಅಮೆರಿಕದಲ್ಲಿದ್ದ ಯಹೂದಿಗಳು ಸುಮಾರು ಎರಡು-ಮೂರು ಸಾವಿರ. ಬಹುಪಾಲು ನ್ಯೂಯಾರ್ಕ್, ಫಿಲಡೆಲ್ಫಿಯಾ, ಚಾರ್ಲ್ಸ್‌ಟನ್‌ನಂಥ ಬಂದರು ಊರುಗಳವರು. 1880ರ ಹೊತ್ತಿಗೆ ಸುಮಾರು ಎರಡೂವರೆ ಲಕ್ಷ, ಹೆಚ್ಚಿನವರು ಜರ್ಮನ್ ಮಾತಾಡುವ ನಾಡುಗಳಿಂದ ಬಂದವರು. 1900ರಲ್ಲಿ ಸುಮಾರು ಹತ್ತು ಲಕ್ಷ. ಹೊಸದಾಗಿ ಸೇರಿದವರಲ್ಲಿ ಹೆಚ್ಚಿನವರು ರಷ್ಯಾ ಸಾಮ್ರಾಜ್ಯದಿಂದ ಬಂದ, ಯಿಡ್ಡಿಷ್ ಮಾತಾಡುವ ಬಡವರು. ಎಣ್ಣೆಬಣ್ಣದ ಭಾವಚಿತ್ರ, ಬೆಳ್ಳಿ, ಪತ್ರಗಳ ಕಟ್ಟು ಇವೆಲ್ಲ ಮೊದಲ ಗುಂಪಿನವು. ಮೂರನೆಯ ಗುಂಪಿನ ಹೆಂಗಸೊಬ್ಬಳಿಂದ ಒಂದು ಜೊತೆ ಹಿತ್ತಾಳೆಯ ಕ್ಯಾಂಡಲ್ ಸ್ಟ್ಯಾಂಡ್ ಉಳಿದಿದ್ದರೆ ಅದೇ ದೊಡ್ಡದು.

ಹಣದ ಜರಡಿ ಒಂದಾದರೆ ಧರ್ಮದ್ದು ಇನ್ನೊಂದು. ಯಹೂದಿ ಮದುವೆಯ ಕರಾರುಪತ್ರ 'ಕೆತುಬಾ' ಹೆಂಡತಿಯ ಕೈಯಲ್ಲೇ ಇರಬೇಕು, ಆದ್ದರಿಂದ ಅದು ಮನೆಯಲ್ಲಿ ಉಳಿಯುತ್ತದೆ. ವಿಚ್ಛೇದನ ಪತ್ರ 'ಗೆಟ್' ಹಾಗಲ್ಲ. ರೂಢಿಯಂತೆ 12 ಸಾಲಿನ ಈ ಪತ್ರವನ್ನು ಆ ಹೆಂಗಸಿಗೆಂದೇ ಹೊಸದಾಗಿ ಬರೆಸಿ ಅವಳ ಕೈಗೆ ಕೊಡುತ್ತಾರೆ. ಆಮೇಲೆ ಧಾರ್ಮಿಕ ನ್ಯಾಯಾಲಯ ಅದನ್ನು ಹಿಂದಕ್ಕೆ ಪಡೆದು, ಕತ್ತರಿ ಹಾಕಿ, ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಸಂಗ್ರಹಗಳಲ್ಲಿ ಕೆತುಬಾ ಹೇರಳ, ಗೆಟ್ ಅಪರೂಪ. ಇದನ್ನು ನೋಡಿ "ಆ ಕಾಲದಲ್ಲಿ ವಿಚ್ಛೇದನ ಕಡಿಮೆ" ಎಂದು ಬರೆದರೆ ತಪ್ಪು. ಪ್ರಾರ್ಥನಾ ಪುಸ್ತಕದ ಕಥೆಯೂ ಇಂಥದ್ದೇ. ದೇವರ ಹೆಸರಿರುವ ಪುಸ್ತಕ ಹರಿದರೆ ಎಸೆಯುವಂತಿಲ್ಲ, ಹೂಳಬೇಕು. ದಿನವೂ ಕೈಯಲ್ಲಿದ್ದದ್ದು ಹರಿದು ಮಣ್ಣು ಸೇರಿತು, ಕಪಾಟಿನಲ್ಲಿದ್ದದ್ದು ಮ್ಯೂಸಿಯಂ ಸೇರಿತು. ಹೆಂಗಸರಿಗಾಗಿಯೇ ಬರೆದ ಪ್ರಾರ್ಥನೆಗಳ ಪುಸ್ತಕ ಕಂಡರೆ ಹಾಳೆಯ ಕೆಳಮೂಲೆ ನೋಡಿ. ಹೆಬ್ಬೆರಳು ತಾಗಿ ಕಪ್ಪಾದ ಪುಟ, ಮೇಣದ ತೊಟ್ಟು ಬಿದ್ದ ಪುಟ ಯಾವುದು ಎಂದು ಗುರುತಿಸಿ. ಹೆರಿಗೆಯ ಪ್ರಾರ್ಥನೆಯ ಪುಟ ಮಾತ್ರ ಸವೆದಿದ್ದರೆ ಒಂದು ದಿನಚರಿ ಸಿಕ್ಕಷ್ಟೇ ಬೆಲೆ.

ಕೆತುಬಾ ಓದುವಾಗ ಎರಡು ಕಡೆ ವಿದ್ಯಾರ್ಥಿಗಳು ಜಾರುತ್ತಾರೆ. ಅದರ ಭಾಷೆ ಅರಾಮಿಕ್. ಅದರಲ್ಲಿ ಬರುವ 200 ಜೂಜ್ (ಹಳೆಯ ಬೆಳ್ಳಿ ನಾಣ್ಯ) ಎಂಬ ಮೊತ್ತ ಆ ಮನೆಯ ಆಸ್ತಿಯ ಲೆಕ್ಕವಲ್ಲ, ಶಾಸ್ತ್ರ ಹೇಳಿದ ಸಿದ್ಧ ಮೊತ್ತ. ಮೊದಲ ಮದುವೆಯ ಕನ್ಯೆಗೆ 200, ವಿಧವೆಗೆ 100. ನಿಮಗೆ ಬೇಕಾದ ಸುದ್ದಿ ಇರುವುದು ವಧುವಿನ ಹೆಸರಿನ ಅಕ್ಕಪಕ್ಕದ ಒಂದು ಪದದಲ್ಲಿ. 'ಬೆತುಲ್ತಾ' ಎಂದಿದ್ದರೆ ಕನ್ಯೆ, 'ಅರ್ಮಲ್ತಾ' ಎಂದಿದ್ದರೆ ವಿಧವೆ, 'ಮತಾರಖ್ತಾ' ಎಂದಿದ್ದರೆ ವಿಚ್ಛೇದಿತೆ. ಕತ್ತರಿಸಿ ಹೋದ ಗೆಟ್‌ನ ಸುಳಿವು ಎಷ್ಟೋ ಸಲ ಸಿಗುವುದು ಈ ಮೂರನೆಯ ಪದದಲ್ಲೇ.

ಎರಡನೆಯ ಜಾರು ತಾರೀಖು. ಹೀಬ್ರೂ ಅಕ್ಷರಗಳಿಗೆ ಅಂಕಿಯ ಬೆಲೆಯಿದೆ. ಸಾವಿರದ ಸ್ಥಾನವನ್ನು ಬಿಟ್ಟು ಬರೆಯುವುದು ವಾಡಿಕೆ. ಅಕ್ಷರಗಳನ್ನು ಕೂಡಿದಾಗ 609 ಬಂದರೆ ಅದು 5609ನೇ ವರ್ಷ. ಅದಕ್ಕೆ 1240 ಕೂಡಿಸಿದರೆ 1849. ಆದರೆ ಯಹೂದಿ ವರ್ಷ ಶುರುವಾಗುವುದು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ. ಆದ್ದರಿಂದ ಹೊಸವರ್ಷದಿಂದ ಡಿಸೆಂಬರ್ ಕೊನೆಯವರೆಗಿನ ತಾರೀಖಾದರೆ 1239 ಮಾತ್ರ ಕೂಡಿಸಬೇಕು, ಅಂದರೆ 1848. ದಿನ ಬದಲಾಗುವುದೂ ಸೂರ್ಯಾಸ್ತಕ್ಕೆ. ರಾತ್ರಿ ಎಂಟಕ್ಕೆ ಹುಟ್ಟಿದ ಮಗುವಿನ ಹೀಬ್ರೂ ತಾರೀಖು ಇಂಗ್ಲಿಷ್ ತಾರೀಖಿಗಿಂತ ಒಂದು ದಿನ ಮುಂದಿರುತ್ತದೆ. ಕುಟುಂಬದ ಬೈಬಲ್ಲಿನ ಹಾಳೆಯಲ್ಲಿ ಎರಡೂ ತಾರೀಖು ಹೊಂದದಿದ್ದರೆ ಬರೆದವರು ತಪ್ಪಿದರೆಂದು ಅವಸರದಲ್ಲಿ ತಿದ್ದಬೇಡಿ. ಸಮಾಧಿಕಲ್ಲಿಗೂ ಇದೇ ಲೆಕ್ಕ. ಮೇಲೆ 'ಪೇ-ನೂನ್' ಎಂಬ ಎರಡು ಅಕ್ಷರ ಇದ್ದರೆ "ಇಲ್ಲಿ ಹೂತಿದೆ" ಎಂದರ್ಥ. ಅದರ ಕೆಳಗೆ ಹೆಂಗಸಿನ ಹೆಸರು, ತಂದೆಯ ಹೆಸರು. ತಾಯಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಬೆಳ್ಳಿಯ ಮಾತಿಗೆ ಬರೋಣ. ಶತಮಾನದ ಮೊದಲ ದಶಕಗಳ ಬಟ್ಟಲು, ಹೂಜಿ, ಚಮಚಗಳ ಮೇಲೆ ಮೂರು ಅಕ್ಷರ ತ್ರಿಕೋನದಂತೆ ಕೆತ್ತಿರುವುದುಂಟು. ಮೇಲಿನದು ಮನೆತನದ ಹೆಸರಿನದು, ಕೆಳಗೆ ಎಡಕ್ಕೆ ಗಂಡನದು, ಬಲಕ್ಕೆ ಹೆಂಡತಿಯದು. ವಿವರಪಟ್ಟಿಯಲ್ಲಿ ಗಂಡನ ಹೆಸರಷ್ಟೇ ಇದ್ದರೂ ಬಲಗಡೆಯ ಆ ಅಕ್ಷರ ಅವಳ ಗುರುತು. ಎರಡೇ ಅಕ್ಷರವಿದ್ದು ಅವು ಅವಳ ತವರಿನ ಹೆಸರಿಗೆ ಹೊಂದಿದರೆ ಅದು ತವರಿನಿಂದ ಬಂದದ್ದಿರಬಹುದು. ನ್ಯೂಯಾರ್ಕ್ ರಾಜ್ಯದಲ್ಲಿ ಮದುವೆಯಾದ ಹೆಂಗಸಿನ ಆಸ್ತಿ ಅವಳದೇ ಎಂದು ಕಾನೂನಾದದ್ದು 1848ರಲ್ಲಿ. ಅದಕ್ಕೂ ಹಿಂದಿನ ಬೆಳ್ಳಿಯ ಮೇಲೆ ಅವಳ ಅಕ್ಷರ ಕೆತ್ತಿದ್ದರೂ ಕಾನೂನಿನ ಕಣ್ಣಲ್ಲಿ ಆ ಬೆಳ್ಳಿ ಗಂಡನದೇ. ಚಾರ್ಲ್ಸ್‌ಟನ್, ಸವಾನಾ, ರಿಚ್ಮಂಡ್‌ನ ವಸ್ತುವಾದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇದನ್ನು ದಿನಾ ಉಜ್ಜಿ ಹೊಳಪು ಬರಿಸಿದ ಕೈ ಯಾರದು? ದಕ್ಷಿಣದ ಯಹೂದಿ ಮನೆಗಳಲ್ಲೂ ಗುಲಾಮ ಹೆಂಗಸರು ದುಡಿಯುತ್ತಿದ್ದರು. ಉಯಿಲುಗಳಲ್ಲಿ ಬೆಳ್ಳಿ, ಹಾಸಿಗೆಗಳ ಜೊತೆ ಅವರ ಹೆಸರೂ ಆಸ್ತಿಯಾಗಿ ಬರುತ್ತದೆ. ಬೆಳ್ಳಿಯ ಪಕ್ಕ ಉಯಿಲನ್ನಿಟ್ಟು ಓದದಿದ್ದರೆ ಅರ್ಧ ಮನೆಯನ್ನಷ್ಟೇ ನೋಡಿದಂತೆ.

ದಂತದ ಮೇಲಿನ ಪುಟ್ಟ ಭಾವಚಿತ್ರಗಳ ವಿಷಯದಲ್ಲಿ ತಯಾರಿಕೆಯ ಕ್ರಮ ಗೊತ್ತಿಲ್ಲದೆ ಏನೂ ಹೇಳುವಂತಿಲ್ಲ. ಅಮೆರಿಕನ್ ಯಹೂದಿ ಐತಿಹಾಸಿಕ ಸೊಸೈಟಿಯಲ್ಲಿ ಸಾರಾ ಬ್ರಾಂಡನ್ ಮೋಸೆಸ್ ಎಂಬಾಕೆಯ ಇಂಥ ಒಂದು ಚಿತ್ರವಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಆಕೆ ಹುಟ್ಟಿದ್ದು 1798ರಲ್ಲಿ, ಬಾರ್ಬಡೋಸ್‌ನಲ್ಲಿ. ತಾಯಿ ಗುಲಾಮಳಾಗಿದ್ದರಿಂದ ಮಗಳೂ ಹುಟ್ಟಿನಿಂದ ಗುಲಾಮಳೇ. ತಂದೆ ಸೆಫಾರ್ದಿ (ಸ್ಪೇನ್-ಪೋರ್ಚುಗಲ್ ಮೂಲದ) ಯಹೂದಿ ವ್ಯಾಪಾರಿ. ಚಿಕ್ಕಂದಿನಲ್ಲೇ ಬಿಡುಗಡೆ ಸಿಕ್ಕಿತು, ಸುರಿನಾಮ್‌ನಲ್ಲಿ ಯಹೂದಿ ಧರ್ಮಕ್ಕೆ ಸೇರಿಸಿಕೊಂಡರು. 1817ರಲ್ಲಿ ಜೋಶುವಾ ಮೋಸೆಸ್‌ರನ್ನು ಮದುವೆಯಾಗಿ ನ್ಯೂಯಾರ್ಕ್‌ನ ಪ್ರತಿಷ್ಠಿತ ಯಹೂದಿ ಮನೆತನವೊಂದರ ಸೊಸೆಯಾದಳು. ಚಿತ್ರದಲ್ಲಿ ಅವಳ ಮೈಬಣ್ಣ ಬಿಳಿಚಾಗಿ ಹೊಳೆಯುತ್ತದೆ. ಇದು ಅವಳ ನಿಜವಾದ ಬಣ್ಣವೇ? ತೆಳ್ಳಗೆ ಸೀಳಿದ ದಂತದ ಹಾಳೆಯ ಜಿಡ್ಡು ತೆಗೆದು, ನುಣ್ಣಗೆ ಉಜ್ಜಿ, ಅದರ ಮೇಲೆ ಜಲವರ್ಣವನ್ನು ಚುಕ್ಕೆ ಚುಕ್ಕೆಯಾಗಿ ಇಡುತ್ತಾರೆ. ಮುಖ, ಕುತ್ತಿಗೆಯ ಮೇಲೆ ಬಣ್ಣ ತೀರಾ ತೆಳು, ಹಿಂದಿನ ದಂತವೇ ಚರ್ಮದಂತೆ ಹೊಳೆಯಲಿ ಎಂದು. ಅಂದರೆ ಈ ಕಲೆಯ ಲೆಕ್ಕಾಚಾರವೇ ಬಿಳಿ ಚರ್ಮಕ್ಕೆ ಹೊಂದಿದ್ದು. ಆದ್ದರಿಂದ ಈ ಚಿತ್ರ ಅವಳು ಹೇಗಿದ್ದಳು ಎಂಬುದಕ್ಕಿಂತ, ಯಾವ ಸಾಲಿನಲ್ಲಿ ಕೂರಲು ಹೊರಟಿದ್ದಳು ಎಂಬುದನ್ನು ಹೇಳುತ್ತದೆ. ದಂತ ತೇವದ ಏರಿಳಿತವನ್ನು ತಾಳುವುದಿಲ್ಲ. ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಗಾಜಿನ ಒಳಗೆ ಬೆವರಿದರೆ ಜಲವರ್ಣ ಕಲೆಸಿಹೋಗುತ್ತದೆ. ಕೆನ್ನೆಯ ಮೇಲೆ ಕಲೆ ಕಂಡರೆ ಅದು ಮುಖದ್ದಲ್ಲ, ಗಾಜಿನದು ಎಂಬ ಸಾಧ್ಯತೆಯನ್ನು ಮೊದಲು ನೋಡಿ.

ಫೋಟೋಗಳಿಗೆ ಕಾಲ ಹಚ್ಚುವುದು ಇಷ್ಟು ಕಷ್ಟವಲ್ಲ. ಕನ್ನಡಿಯಂತೆ ಹೊಳೆಯುವ ಬೆಳ್ಳಿ ಲೇಪದ ತಾಮ್ರದ ಹಲಗೆಯಾದರೆ ಡಗೆರೋಟೈಪ್, ಹೆಚ್ಚಾಗಿ 1840ರ ಮತ್ತು 1850ರ ದಶಕದ್ದು. ತೆಳು ಕಬ್ಬಿಣದ ತಗಡಾದರೆ ಟಿನ್‌ಟೈಪ್, 1856ರ ನಂತರದ್ದು. ಸುಮಾರು 6.3 × 10 ಸೆಂ.ಮೀ. ರಟ್ಟಿಗೆ ಅಂಟಿಸಿದ್ದಾದರೆ 'ಕಾರ್ಟ್ ದ ವಿಸೀಟ್', 1860ರ ದಶಕದ ಹುಚ್ಚು. 10.8 × 16.5 ಸೆಂ.ಮೀ. ಆದರೆ ಕ್ಯಾಬಿನೆಟ್ ಕಾರ್ಡ್, 1866ರ ನಂತರದ್ದು. ಹಿಂಬದಿಯಲ್ಲಿ ಸರ್ಕಾರಿ ತೆರಿಗೆ ಸ್ಟ್ಯಾಂಪ್ ಅಂಟಿಸಿದ್ದರೆ ನಿಮ್ಮ ಅದೃಷ್ಟ. ಅಂತರ್ಯುದ್ಧದ ಖರ್ಚಿಗೆಂದು ಹಾಕಿದ ಆ ತೆರಿಗೆ 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಮಾತ್ರ ಇತ್ತು. ಉಡುಪಿನಲ್ಲಿ ತೋಳನ್ನು ನೋಡಿ. ಮೇಲ್ತೋಳು ಬುಗ್ಗೆಯಂತೆ ಉಬ್ಬಿದ್ದರೆ 1830ರ ದಶಕ ಅಥವಾ 1890ರ ದಶಕದ ನಡುವಿನ ವರ್ಷಗಳು. ಫೋಟೋ ಅಂದರೆ ಎರಡನೆಯದೇ.

ಯಹೂದಿ ಹೆಂಗಸರ ಫೋಟೋದಲ್ಲಿ ಎರಡು ವಿಶೇಷ ಸುಳಿವುಗಳಿವೆ. ಮದುವೆಯ ಶಾಸ್ತ್ರದಲ್ಲಿ ಕಲ್ಲಿಲ್ಲದ ಸಾದಾ ಉಂಗುರವನ್ನು ವಧುವಿನ ಬಲಗೈ ತೋರುಬೆರಳಿಗೆ ಹಾಕುತ್ತಾರೆ. ಆಮೇಲೆ ಬೇರೆ ಬೆರಳಿಗೆ ಬದಲಿಸಿಕೊಳ್ಳುವುದು ಸಾಮಾನ್ಯ. ಉಂಗುರ ಯಾವ ಕೈಯಲ್ಲಿದೆ ಎಂದು ಬರೆಯುವ ಮುನ್ನ ಡಗೆರೋಟೈಪ್ ಎಡ-ಬಲ ಅದಲುಬದಲಾದ ಚಿತ್ರ ಎಂಬುದು ನೆನಪಿರಲಿ. ರವಿಕೆಯ ಗುಂಡಿ ಯಾವ ಕಡೆ ಮುಚ್ಚುತ್ತದೆ ಎಂದು ನೋಡಿದರೆ ತಿಳಿಯುತ್ತದೆ. ಆಭರಣದ ಮೇಲೆ ಚಿನ್ನದ ಬಣ್ಣದ ಚುಕ್ಕೆ ಇದ್ದರೆ ಅದನ್ನು ಇಟ್ಟವನು ಸ್ಟುಡಿಯೋದವನು. ಇನ್ನೊಂದು ಸುಳಿವು ತಲೆಗೂದಲು. ಮದುವೆಯಾದ ಸಂಪ್ರದಾಯಸ್ಥ ಹೆಂಗಸರು ಕೂದಲು ಮುಚ್ಚಿ 'ಶೈಟ್ಲ್' ಎಂಬ ಟೋಪನ್ ಹಾಕುತ್ತಿದ್ದರು. ಬೈತಲೆಯಲ್ಲಿ ನೆತ್ತಿಯ ಚರ್ಮ ಕಾಣದೆ, ಹಣೆಯ ಮೇಲೆ ಗೆರೆ ಎಳೆದಂತೆ ಕೂದಲು ಶುರುವಾಗಿದ್ದರೆ ಅದು ಟೋಪನ್ ಇರಬಹುದು. ಹಳೆಯ ಊರಿನಲ್ಲಿ ತೆಗೆಸಿದ ಫೋಟೋದಲ್ಲಿ ಟೋಪನ್, ನ್ಯೂಯಾರ್ಕ್‌ನದರಲ್ಲಿ ಸ್ವಂತ ಕೂದಲು ಎಂಬ ಜೋಡಿ ಸಿಕ್ಕರೆ ಎರಡನ್ನೂ ಒಟ್ಟಿಗೆ ಇಟ್ಟು ಬರೆಯಿರಿ. ಒಂದೇ ಒಂದು ಫೋಟೋದಿಂದ ಏನನ್ನೂ ತೀರ್ಮಾನಿಸಬೇಡಿ.

ಬಟ್ಟೆಯ ವಿಚಾರದಲ್ಲಿ ಪ್ರಬಂಧಕ್ಕೆ ತಿರುಳು ಕೊಡಬಲ್ಲದ್ದು 'ವಿಂಪೆಲ್'. ಜರ್ಮನಿ ಕಡೆಯ ಯಹೂದಿಗಳ ರೂಢಿ ಇದು. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ ಮಾಡುವಾಗ ಸುತ್ತಿದ ನಾರುಬಟ್ಟೆಯನ್ನು ಒಗೆದು, ನಾಲ್ಕು ಪಟ್ಟಿಯಾಗಿ ಕತ್ತರಿಸಿ, ತುದಿಗೆ ತುದಿ ಸೇರಿಸಿ ಹೊಲಿಯುತ್ತಾರೆ. ಸುಮಾರು 85 ಸೆಂ.ಮೀ. ಚೌಕದ ಬಟ್ಟೆಯಿಂದ 20 ಸೆಂ.ಮೀ. ಅಗಲದ, ಮೂರು ಮೀಟರಿಗೂ ಮಿಕ್ಕ ಪಟ್ಟಿ ಬರುತ್ತದೆ. ಅದರ ಮೇಲೆ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, "ತೋರಾಕ್ಕೆ, ಮದುವೆಯ ಚಪ್ಪರಕ್ಕೆ, ಒಳ್ಳೆಯ ಕೆಲಸಗಳಿಗೆ ಬೆಳೆಯಲಿ" ಎಂಬ ಹಾರೈಕೆಯನ್ನು ಕಸೂತಿಯಲ್ಲಿ ಹಾಕುತ್ತಾರೆ ಇಲ್ಲವೇ ಬಣ್ಣದಲ್ಲಿ ಬರೆಸುತ್ತಾರೆ. ಆಮೇಲೆ ಸಿನಗಾಗ್‌ನಲ್ಲಿ, ಅಂದರೆ ಪ್ರಾರ್ಥನಾ ಮಂದಿರದಲ್ಲಿ, ತೋರಾ ಧರ್ಮಗ್ರಂಥದ ಸುರುಳಿಗೆ ಸುತ್ತಲು ಕೊಡುತ್ತಾರೆ. ಕೊಲರಾಡೋದ ಟ್ರಿನಿಡಾಡ್ ಎಂಬ ಊರಿನ 1889ರ ಒಂದು ವಿಂಪೆಲ್ ಲಾಸ್ ಏಂಜಲಿಸ್‌ನ ಸ್ಕರ್ಬಾಲ್ ಕೇಂದ್ರದಲ್ಲಿದೆ. ಹೀಬ್ರೂ ಅಕ್ಷರಗಳ ನಡುವೆ ಅಮೆರಿಕದ ಬಾವುಟ. ಪಶ್ಚಿಮದ ಪುಟ್ಟ ಊರಿನಲ್ಲಿ ಕೂತ ಮನೆಯೊಂದು ಹಳೆಯ ಜರ್ಮನ್ ರೂಢಿಯನ್ನೂ ಹೊಸ ದೇಶವನ್ನೂ ಒಂದೇ ಪಟ್ಟಿಯಲ್ಲಿ ಹೊಲಿದಿಟ್ಟಿತು. ಬಾವುಟದ ನಕ್ಷತ್ರ ಎಣಿಸಿ ಕಾಲ ಹೇಳುವ ಆಸೆ ಬೇಡ. 1877ರಿಂದ 1890ರ ಜುಲೈವರೆಗೆ 38 ನಕ್ಷತ್ರಗಳಿದ್ದವು ನಿಜ, ಆದರೆ ಮನೆಯಲ್ಲಿ ಬರೆಯುವವರು ಜಾಗ ಸಾಲುವಷ್ಟು ಹಾಕುತ್ತಾರೆ.

ವಿಂಪೆಲ್‌ನಲ್ಲಿ ಗಮನಿಸಬೇಕಾದ ವಿಪರ್ಯಾಸ ಒಂದಿದೆ. ಬಟ್ಟೆ ಆರಿಸಿದ್ದು, ಒಗೆದದ್ದು, ಕತ್ತರಿಸಿದ್ದು, ಜೋಡಿಸಿದ್ದು ತಾಯಿಯೋ ಅಜ್ಜಿಯೋ. ಅದರ ಮೇಲಿರುವ ಹೆಸರುಗಳು ಮಗನದು ಮತ್ತು ತಂದೆಯದು. ಹೆಣ್ಣುಮಗುವಿಗೆ ಈ ರೂಢಿಯೇ ಇಲ್ಲ. ಸಿನಗಾಗ್‌ನ ಪೆಟ್ಟಿಗೆಯಲ್ಲಿದ್ದುದರಿಂದ ಬಟ್ಟೆ ಉಳಿಯಿತು, ಹೊಲಿದವಳ ಹೆಸರು ಉಳಿಯಲಿಲ್ಲ. ಅವಳನ್ನು ಹುಡುಕಬೇಕಾದದ್ದು ಜೋಡಣೆಯ ಹೊಲಿಗೆಯಲ್ಲಿ. ನಾಲ್ಕು ಪಟ್ಟಿಗಳ ಅಂಚು ಹೇಗೆ ಮಡಚಿದೆ, ಕಸೂತಿ ಹಾಕಿದ ಕೈ ಒಂದೇ ಅಥವಾ ನಡುವೆ ಬದಲಾಗಿದೆಯೇ, ಅಕ್ಷರ ಬರೆದವರಿಗೆ ಹೀಬ್ರೂ ಚೆನ್ನಾಗಿ ಬರುತ್ತಿತ್ತೇ ಅಥವಾ ಮಾದರಿ ನೋಡಿ ಚಿತ್ರದಂತೆ ಇಳಿಸಿದ್ದಾರೆಯೇ ಎಂದು ನೋಡಿ.

ಹುಡುಗಿಯರ ಕಸೂತಿ ಮಾದರಿ ಬಟ್ಟೆಗಳಲ್ಲಿ ಮಾತ್ರ ಹೆಸರು, ವಯಸ್ಸು, ವರ್ಷ ಎಲ್ಲವೂ ಅವರದೇ. ಅಲ್ಲೂ ಒಂದು ತಮಾಷೆ. ಇಸವಿಯ ಕೊನೆಯ ಅಂಕಿಗಳ ಜಾಗದಲ್ಲಿ ದಾರ ಇಲ್ಲದೆ ಸೂಜಿಯ ತೂತು ಮಾತ್ರ ಕಂಡರೆ ದಾರ ಸವೆದಿದೆ ಎಂದುಕೊಳ್ಳಬೇಡಿ. ದೊಡ್ಡವಳಾದ ಮೇಲೆ ವಯಸ್ಸು ಗೊತ್ತಾಗಬಾರದೆಂದು ಅವಳೇ ಬಿಚ್ಚಿರುವುದು ಹೆಚ್ಚು ಸಂಭವ.

ಕೌದಿಗಳ ಮಟ್ಟಿಗೆ ಶೈಲಿಯನ್ನು ನಂಬಿ ಕಾಲ ಹೇಳುವಂತಿಲ್ಲ. ಪೆನ್ಸಿಲ್ವೇನಿಯಾದ ಮೆಕೀಸ್‌ಪೋರ್ಟ್‌ನಲ್ಲಿ ಕೇಟಿ ಫ್ರೀಡ್‌ಮನ್ ರೈಟರ್ ಮತ್ತು ಲೀಬೆ ಗ್ರಾಸ್ ಫ್ರೀಡ್‌ಮನ್ ಹೊಲಿದ ಉಣ್ಣೆಯ ಕೌದಿ 1891-92ರದ್ದು. ಆದರೆ ಅದರ ಚೌಕಗಳ ವಿನ್ಯಾಸ 1840-50ರ ಬಾಲ್ಟಿಮೋರ್ ಕೌದಿಗಳದು. ಬಣ್ಣ ಹೆಚ್ಚು ನಂಬಿಕಸ್ಥ. ಹೊಳೆಯುವ ಕೃತಕ ನೇರಳೆ ಬಣ್ಣ ಬಂದದ್ದು 1856ರ ನಂತರ. ರೇಷ್ಮೆ ತುಂಡುಗಳು ಉದ್ದುದ್ದ ಸೀಳಿ ಪುಡಿಯಾಗುತ್ತಿದ್ದರೆ ಅದು ಹೆಚ್ಚು ಬಳಸಿದ ಗುರುತಲ್ಲ. ಶತಮಾನದ ಕೊನೆಯ ದಶಕಗಳಲ್ಲಿ ರೇಷ್ಮೆಯ ತೂಕ ಹೆಚ್ಚಿಸಲು ತವರದಂಥ ಲೋಹದ ಲವಣದಲ್ಲಿ ಅದ್ದುತ್ತಿದ್ದರು, ಆ ಲವಣವೇ ಎಳೆಯನ್ನು ತಿನ್ನುತ್ತದೆ. ಕಂದು, ಕಪ್ಪು ತುಂಡುಗಳು ಮಾತ್ರ ಉದುರಿದ್ದರೆ ಬಣ್ಣಕ್ಕೆ ಹಾಕಿದ ಕಬ್ಬಿಣದ ಕಾರಣ.

ಇನ್ನು ಅಡುಗೆಮನೆ. ನಿಮ್ಮ ಪ್ರಬಂಧದ ಅರ್ಧ ಭಾಗವನ್ನು ಇಲ್ಲಿಗೇ ಕೊಟ್ಟರೂ ತಪ್ಪಿಲ್ಲ. ಅಮೆರಿಕದಲ್ಲಿ ಅಚ್ಚಾದ ಮೊದಲ ಯಹೂದಿ ಅಡುಗೆಪುಸ್ತಕ ಎಸ್ತರ್ ಲೆವಿ ಬರೆದದ್ದು, 1871ರಲ್ಲಿ ಫಿಲಡೆಲ್ಫಿಯಾದಲ್ಲಿ. ಅಡುಗೆಯ ಜೊತೆ ಮನೆಮದ್ದು, ಮನೆವಾರ್ತೆಯ ಸಲಹೆಗಳೂ ಇವೆ. ಇಂಥ ಪುಸ್ತಕ ಯಾಕೆ ಬೇಕಾಯಿತು ಎಂದು ಯೋಚಿಸಿ. ತಾಯಿ, ಅತ್ತೆ ಪಕ್ಕದಲ್ಲಿದ್ದರೆ ಮಾಂಸವನ್ನು ಕೋಷರ್, ಅಂದರೆ ಧರ್ಮ ಒಪ್ಪುವಂತೆ, ಮಾಡುವುದು ಹೇಗೆಂದು ಪುಸ್ತಕ ನೋಡಬೇಕಿಲ್ಲ. ಅವರು ಸಮುದ್ರದ ಆಚೆ ಉಳಿದಿದ್ದರು.

ಆ ಕ್ರಮ ಗೊತ್ತಿದ್ದರೆ ವಸ್ತುಗಳು ಕಣ್ಣಿಗೆ ಬೀಳುತ್ತವೆ. ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಬೇಕು. ಆಮೇಲೆ ಎಲ್ಲ ಬದಿಗೂ ಉಪ್ಪು ಹಚ್ಚಿ, ರಕ್ತ ಇಳಿದು ಹೋಗುವಂತೆ ಓರೆ ಹಲಗೆಯ ಅಥವಾ ತೂತಿನ ಹಲಗೆಯ ಮೇಲೆ ಒಂದು ಗಂಟೆ ಬಿಡಬೇಕು. ನಂತರ ಚೆನ್ನಾಗಿ ತೊಳೆಯಬೇಕು. ಉಪ್ಪು ಹಿಟ್ಟಿನಂತೆ ನುಣ್ಣಗಿದ್ದರೆ ಕರಗಿಹೋಗಿ ರಕ್ತ ಎಳೆಯುವುದಿಲ್ಲ, ತೀರಾ ದಪ್ಪವಾದರೆ ಮಾಂಸಕ್ಕೆ ಅಂಟದೆ ಉದುರುತ್ತದೆ. ಅಂದರೆ ಒಂದು ಹೊತ್ತಿನ ಮಾಂಸಕ್ಕೆ ಒಲೆ ಹಚ್ಚುವ ಮುನ್ನವೇ ಎರಡು ಗಂಟೆಯ ಹತ್ತಿರದ ಕೆಲಸ, ಎರಡು ಸಲ ನೀರು. ನೀರು ಹೊತ್ತು ತರಬೇಕಾದ ಮನೆಯಲ್ಲಿ ಇದು ಎಷ್ಟು ಮಹಡಿ ಹತ್ತಿಳಿದ ಲೆಕ್ಕ ಎಂದು ನೀವೇ ಹಾಕಿ. ವಿವರಪಟ್ಟಿಯಲ್ಲಿ ಬರೀ 'ಮರದ ಹಲಗೆ' ಎಂದಿರುವ ವಸ್ತುವಿನ ಗೀರುಗಳನ್ನೂ ಉಪ್ಪಿನ ಬಿಳುಪನ್ನೂ ನೋಡಲು ಮರೆಯಬೇಡಿ.

ಹಾಲಿಗೆ, ಮಾಂಸಕ್ಕೆ ಬೇರೆ ಬೇರೆ ಪಾತ್ರೆ. ಹಾಲಿನ ಚಾಕುವಿಗೆ ಗುರುತು ಮಾಡುವುದು ಹಳೆಯ ರೂಢಿ, ಆದ್ದರಿಂದ ಹಿಡಿಯ ಮೇಲಿನ ಕಚ್ಚು ಎಲ್ಲ ಸಲವೂ ಅಜಾಗರೂಕತೆಯ ಗುರುತಲ್ಲ. ಪೆಸಾಹ್ ಹಬ್ಬದ ಎಂಟು ದಿನಕ್ಕೆ ಮತ್ತೆ ಬೇರೆ ಪಾತ್ರೆ. ಲೋಹವನ್ನು ಕುದಿನೀರಿನಲ್ಲಿ ಅದ್ದಿ ಶುದ್ಧ ಮಾಡಬಹುದು, ಪಿಂಗಾಣಿ ಮತ್ತು ಮಣ್ಣಿನದನ್ನು ಮಾಡುವಂತಿಲ್ಲ. ಆದ್ದರಿಂದ ಹಬ್ಬದ ಪಿಂಗಾಣಿ ವರ್ಷದಲ್ಲಿ ಎಂಟೇ ದಿನ ಹೊರಬಂದು ಹೊಸದರಂತೆ ಉಳಿಯುತ್ತದೆ, ದಿನಬಳಕೆಯದು ಒಡೆದು ಕಸ ಸೇರುತ್ತದೆ. ಮ್ಯೂಸಿಯಂನಲ್ಲಿ ಸಾಲಾಗಿ ಇಟ್ಟ ಅಂದದ ತಟ್ಟೆಗಳನ್ನು ನೋಡಿ ದಿನದ ಊಟವನ್ನು ಊಹಿಸಬೇಡಿ. ತಟ್ಟೆಯ ತಳದಲ್ಲಿ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿದ್ದರೆ ಅದು ಬಹುಶಃ 1891ರ ನಂತರ ಆಮದಾದದ್ದು. ಆ ವರ್ಷದಿಂದ ಅಮೆರಿಕದ ಕಾನೂನು ಅದನ್ನು ಕಡ್ಡಾಯ ಮಾಡಿತು.

ಎಲ್ಲರೂ ಕೋಷರ್ ಪಾಲಿಸಿದರೆಂದೂ ತಿಳಿಯಬೇಡಿ. 1889ರಲ್ಲಿ 'ಆಂಟ್ ಬಾಬೆಟ್' ಎಂಬ ಹೆಸರಿನಲ್ಲಿ ಬಂದ ಅಡುಗೆಪುಸ್ತಕದಲ್ಲಿ ಪೆಸಾಹ್ ಅಡುಗೆಯೂ ಇದೆ, ಧರ್ಮ ನಿಷೇಧಿಸಿದ ಆಯ್ಸ್ಟರ್ ಚಿಪ್ಪಿನ ಅಡುಗೆಯೂ ಇದೆ. 1883ರ ಜುಲೈ 11ರಂದು ಸಿನ್ಸಿನಾಟಿಯಲ್ಲಿ ರಬ್ಬಿಗಳ (ಯಹೂದಿ ಧರ್ಮಗುರುಗಳ) ಮೊದಲ ಪದವಿ ಸಮಾರಂಭದ ಔತಣ ನಡೆಯಿತು. ಅದರ ಅಚ್ಚಾದ ಊಟದ ಪಟ್ಟಿ ಉಳಿದಿದೆ. ಚಿಪ್ಪುಮೀನು, ಏಡಿ, ಸಿಗಡಿ, ಕಪ್ಪೆಕಾಲು ಎಲ್ಲ ಇವೆ, ಹಂದಿ ಮಾತ್ರ ಇಲ್ಲ! ಅಲ್ಲಿದ್ದ 22ರ ತರುಣಿ ಹೆನ್ರಿಯೆಟಾ ಜೋಲ್ಡ್ ಸಿಟ್ಟಾಗಿ ಪತ್ರಿಕೆಗೆ ಬರೆದಳು. ಯಾವುದನ್ನು ಬಿಟ್ಟರು, ಯಾವುದನ್ನು ಬಿಡಲಿಲ್ಲ ಎಂಬ ಗೆರೆ ಮನೆಯಿಂದ ಮನೆಗೆ ಬೇರೆ. ಆ ಗೆರೆ ಎಳೆಯುತ್ತಿದ್ದವರು ಅಡುಗೆಮನೆಯ ಯಜಮಾನಿಯರು.

ಪುಸ್ತಕ ಹೇಳಿದ್ದನ್ನು ಮನೆ ಮಾಡಿತೇ ಎಂದು ನೋಡಲು ಕಸದ ಗುಂಡಿಗೇ ಇಳಿಯಬೇಕು. ಉತ್ಖನನದ ವರದಿಯಲ್ಲಿ ಮೂಳೆಗಳ ಪಟ್ಟಿ ಇರುತ್ತದೆ. ಹಂದಿ ಇಲ್ಲ, ಚಿಪ್ಪುಮೀನಿಲ್ಲ, ಪೊರೆಯಿಲ್ಲದ ಮೀನಿಲ್ಲ, ದನದ ಮೂಳೆಯಲ್ಲಿ ಮುಂಭಾಗದ್ದೇ ಹೆಚ್ಚು ಎಂದಾದರೆ ಕೋಷರ್ ಮನೆ ಎನ್ನಲು ಆಧಾರ ಸಿಗುತ್ತದೆ. ತೊಡೆಯ ನರವನ್ನು ತೆಗೆಯದೆ ಹಿಂಭಾಗ ತಿನ್ನುವಂತಿಲ್ಲ, ಅದನ್ನು ತೆಗೆಯುವುದು ಕಷ್ಟದ ಕೆಲಸ. ಆದರೆ ಒಂದೇ ಗುಂಡಿಗೆ ನಾಲ್ಕಾರು ಮನೆಯವರು ಕಸ ಹಾಕುತ್ತಿದ್ದರು. ನಾಲ್ಕು ಹಂದಿಮೂಳೆ ಸಿಕ್ಕ ಮಾತ್ರಕ್ಕೆ ಯಹೂದಿ ಮನೆಯಾಕೆ ನೇಮ ಬಿಟ್ಟಳು ಎನ್ನಲಾಗದು. ನ್ಯೂಯಾರ್ಕ್‌ನ ಫೈವ್ ಪಾಯಿಂಟ್ಸ್ ಬಡಾವಣೆಯಲ್ಲಿ 1991ರಲ್ಲಿ ಅಗೆದಾಗ ಸಿಕ್ಕ ವಸ್ತುಗಳು ಸುಮಾರು 8,50,000. ಐರಿಷ್, ಜರ್ಮನ್, ಯಹೂದಿ ಬಡವರ ಮನೆಗಳ ತಟ್ಟೆ, ಗುಂಡಿ, ಗುಂಡುಸೂಜಿ, ಬಟ್ಟೆಯ ಚೂರು. ಅವನ್ನು ಇಟ್ಟದ್ದು ವಿಶ್ವ ವಾಣಿಜ್ಯ ಕೇಂದ್ರದ ಆರನೇ ಕಟ್ಟಡದ ನೆಲಮಾಳಿಗೆಯಲ್ಲಿ. 2001ರ ಸೆಪ್ಟೆಂಬರ್ 11ರ ನಂತರ ಉಳಿದದ್ದು 18. ಈಗ ನಾವು ಓದುವುದು ವರದಿ ಮತ್ತು ಫೋಟೋಗಳನ್ನು.

ಹೆಂಗಸರು ಪತ್ರದಲ್ಲಿ ಬರೆಯದ ವಿಷಯಗಳನ್ನೂ ನೆಲ ಇಟ್ಟುಕೊಂಡಿರುತ್ತದೆ. ಬಾಲ್ಟಿಮೋರ್‌ನ ಲಾಯ್ಡ್ ಸ್ಟ್ರೀಟ್ ಸಿನಗಾಗ್ ಕಟ್ಟಿದ್ದು 1845ರಲ್ಲಿ. ಅದರ ಅಡಿಯಲ್ಲಿ ಮರದ ಹಲಗೆಯ 'ಮಿಕ್ವೆ' ಸಿಕ್ಕಿತು. ತಿಂಗಳ ಮುಟ್ಟು ಕಳೆದ ಮೇಲೆ, ಹೆರಿಗೆಯ ನಂತರ ಹೆಂಡತಿ ಮುಳುಗಿ ಏಳಬೇಕಾದ ಕೊಳ ಇದು. ನೀರು ಮಳೆಯದೋ ಒರತೆಯದೋ ಆಗಿರಬೇಕು, ಕನಿಷ್ಠ 40 ಸೆಆ, ಸಾಮಾನ್ಯ ಲೆಕ್ಕದಲ್ಲಿ 750 ಲೀಟರಿನ ಆಸುಪಾಸು. ಬಾಲ್ಟಿಮೋರ್ ಚಳಿಗಾಲದಲ್ಲಿ ನೆಲಮಾಳಿಗೆಯ ಆ ನೀರಿಗೆ ಇಳಿಯುವುದು ಎಂಥದ್ದು ಎಂದು ಯಾವ ಭಾವಚಿತ್ರವೂ ಹೇಳುವುದಿಲ್ಲ.

ಭಾವಚಿತ್ರ ಎಂದಾಗ ರೆಬೆಕಾ ಗ್ರಾಟ್ಜ್ (1781–1869) ಹೆಸರು ನಿಮಗೆ ಎದುರಾಗಿಯೇ ಇರುತ್ತದೆ. ಥಾಮಸ್ ಸಲ್ಲಿ ಬರೆದ ಚಿತ್ರಗಳು ಸುಂದರವಾಗಿವೆ, ಎಲ್ಲರೂ ಅವನ್ನೇ ಹಾಕುತ್ತಾರೆ. ಅವುಗಳಿಗಿಂತ ಆಕೆ 1838ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರು ಮಾಡಿದ ಹೀಬ್ರೂ ಭಾನುವಾರದ ಶಾಲೆಯ ಪಾಠಪುಸ್ತಕ ಹೆಚ್ಚು ಮಾತಾಡುತ್ತದೆ. ಯಹೂದಿ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪುಸ್ತಕ ಸಾಲದೆ ಕ್ರೈಸ್ತ ಭಾನುವಾರ ಶಾಲೆಗಳ ಪುಸ್ತಕವನ್ನೇ ತಂದರು. ಒಗ್ಗದ ಉತ್ತರಗಳ ಮೇಲೆ ಕಾಗದದ ತುಂಡು ಅಂಟಿಸಿದರು. ಆ ಕಾಗದದ ಅಡಿಯಲ್ಲಿ ಏನಿದೆ ಎಂದು ಓದಲು ಮಕ್ಕಳು ಒದ್ದಾಡುತ್ತಿದ್ದರಂತೆ, ಅಂಟಿಸುವ ಕೆಲಸ ಮಾಡಿದ ಆಕೆಯ ಬಂಧು ರೋಸಾ ಮೊರ್ಡೆಕಾಯ್ ಮುಂದೆ ನೆನಪಿಸಿಕೊಂಡಿದ್ದಾಳೆ. ಕ್ರೈಸ್ತ ನಗರದ ನಡುವೆ ಯಹೂದಿ ಮಕ್ಕಳನ್ನು ಬೆಳೆಸುವುದು ಹೇಗಿತ್ತು ಎಂದು ತೋರಿಸಲು ಅಂಟು ಹಚ್ಚಿದ ಆ ಒಂದು ಪುಟ ಸಾಕು.

ಕ್ಯಾಂಡಲ್ ಸ್ಟ್ಯಾಂಡ್ ಬಗ್ಗೆ ನೀವು ಕೇಳಿದ್ದಕ್ಕೆ ಚುಟುಕಾಗಿ: ತಳ ತಿರುಗಿಸಿ ನೋಡಿದ ಚಿತ್ರ ಕೇಳಿ. 'ಫ್ರಾಜೆಟ್' ಅಥವಾ 'ನಾರ್ಬ್ಲಿನ್' ಎಂಬ ಮುದ್ರೆಯಿದ್ದರೆ ವಾರ್ಸಾದಲ್ಲಿ ತಯಾರಾದ ಬೆಳ್ಳಿ ಲೇಪದ ಮಾಲು, ವಲಸೆ ಬಂದವರ ಗಂಟಿನಲ್ಲಿ ಬಂದದ್ದಿರಬಹುದು. ಮುದ್ರೆಯಿಲ್ಲದ ಹಿತ್ತಾಳೆಯದು ಎಲ್ಲಿಯದೂ ಆಗಬಹುದು. ಶುಕ್ರವಾರ ಸಂಜೆ ಸಬ್ಬತ್ ದೀಪ ಹಚ್ಚಲು ಬಳಸಿದ್ದೇ ಎಂಬುದಕ್ಕೆ ಮನೆಯವರ ಮಾತೇ ಆಧಾರ. ಅದನ್ನು "ಮನೆಯವರ ಹೇಳಿಕೆಯಂತೆ" ಎಂದೇ ಬರೆಯಿರಿ.

ಕೊನೆಗೆ ವಸ್ತುವಿಗೆ ಕಾಗದವನ್ನು ಜೋಡಿಸುವ ಕೆಲಸ. ಅಮೆರಿಕದ ಜನಗಣತಿ ಧರ್ಮವನ್ನು ಕೇಳುವುದಿಲ್ಲ. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ. 1850ರಿಂದ ಮನೆಯ ಎಲ್ಲ ಸ್ವತಂತ್ರರ ಹೆಸರು ಬರುತ್ತದೆ. ಗುಲಾಮರದು ಬೇರೆ ಪಟ್ಟಿ, ಅಲ್ಲಿ ಹೆಚ್ಚಾಗಿ ವಯಸ್ಸು, ಲಿಂಗ ಮಾತ್ರ, ಹೆಸರಿಲ್ಲ. 1870ರಿಂದ ಹೆಂಗಸಿನ ಕಸುಬಿನ ಜಾಗದಲ್ಲಿ "ಮನೆ ನೋಡಿಕೊಳ್ಳುವುದು" ಎಂದು ತುಂಬುತ್ತಾರೆ. ಅಂಗಡಿಯ ಗಲ್ಲಾದಲ್ಲಿ ಕೂತವಳಿಗೂ ಎಷ್ಟೋ ಸಲ ಅದೇ ಬರಹ. 1890ರ ಗಣತಿಯ ಬಹುಪಾಲು 1921ರ ಬೆಂಕಿಯಿಂದಾಗಿ ಹಾಳಾಯಿತು. 1900ರದನ್ನು ಮಾತ್ರ ಬಿಡಬೇಡಿ. ತಾಯಿ ಎಷ್ಟು ಹೆತ್ತಳು, ಎಷ್ಟು ಬದುಕಿವೆ ಎಂಬ ಎರಡು ಅಂಕಿ ಅದರಲ್ಲಿವೆ.

ಹೀಗೆ ಜೋಡಿಸಿದಾಗ ಏನು ಸಿಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್‌ನ 97, ಆರ್ಚರ್ಡ್ ಸ್ಟ್ರೀಟ್ ನೋಡಿ. 1863ರಲ್ಲಿ ಕಟ್ಟಿದ ಬಾಡಿಗೆ ವಠಾರ, ಈಗ ಮ್ಯೂಸಿಯಂ. ಅಲ್ಲಿದ್ದ ಜರ್ಮನ್ ಯಹೂದಿ ನಟಾಲಿ ಗುಂಪರ್ಟ್ಜ್ ಗಂಡ 1874ರ ಅಕ್ಟೋಬರ್‌ನಲ್ಲಿ ಒಂದು ದಿನ ಕೆಲಸಕ್ಕೆಂದು ಹೋದವನು ಮರಳಲಿಲ್ಲ. ಅವಳು ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದಳು. 1883ರಲ್ಲಿ ಗಂಡನ ಪಾಲಿಗೆ ಅವನ ತಂದೆಯಿಂದ 600 ಡಾಲರ್ ಬಂತು. ಅದನ್ನು ಪಡೆಯಲು ಗಂಡ ಸತ್ತನೆಂದು ಕೋರ್ಟು ಸಾರಬೇಕಿತ್ತು, ಅವಳು ಅರ್ಜಿ ಹಾಕಿದಳು. ಕಟ್ಟಡದ ಒಡೆಯನಾಗಿದ್ದ ಲೂಕಾಸ್ ಗ್ಲಾಕ್ನರ್ ಸಾಕ್ಷಿ ಹೇಳಿದ. ಮ್ಯೂಸಿಯಂನ ಆ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟಿದ್ದಾರೆ. ಯಂತ್ರವೊಂದನ್ನೇ ನೋಡಿದರೆ "ಹೆಂಗಸರು ಹೊಲಿಯುತ್ತಿದ್ದರು" ಎಂಬ ಒಂದು ಸಾಲು ಬರೆಯಬಹುದು. ಕೋರ್ಟಿನ ಕಡತ ಪಕ್ಕದಲ್ಲಿದ್ದರೆ ಒಂಬತ್ತು ವರ್ಷದ ದುಡಿಮೆಯನ್ನು ಬರೆಯಬಹುದು. ಯಹೂದಿ ಧರ್ಮಶಾಸ್ತ್ರದಲ್ಲಿ ಗೆಟ್ ಕೊಡದೆ ಹೋದವನ ಹೆಂಡತಿ 'ಅಗುನಾ', ಅಂದರೆ ಸರಪಳಿಯಲ್ಲಿರುವವಳು. ಮರುಮದುವೆಯಾಗುವಂತಿಲ್ಲ. ಸರ್ಕಾರಿ ಕೋರ್ಟು ಹಣವನ್ನು ಬಿಡಿಸಿಕೊಡಬಲ್ಲದು, ಆ ಸರಪಳಿಯನ್ನಲ್ಲ.

ಹುಡುಕುವಾಗ ಒಂದು ಮಾತು. ಮ್ಯೂಸಿಯಂನ ಹುಡುಕು ಪೆಟ್ಟಿಗೆಯಲ್ಲಿ ಹೆಂಗಸಿನ ಹೆಸರು ಹಾಕಿ ಏನೂ ಬರದಿದ್ದರೆ ಅವಳ ಗಂಡನ ಹೆಸರಿಗೆ 'ಮಿಸೆಸ್' ಸೇರಿಸಿ ಹಾಕಿ. ಆಮೇಲೆ ತಂದೆಯ ಹೆಸರು, ಮಗನ ಹೆಸರು. 'ಕೊಡುಗೆ' ಎಂಬ ಸಾಲಿನಲ್ಲಿರುವ ಮೊಮ್ಮಗಳ ಹೆಸರನ್ನೂ ಹಾಕಿ ನೋಡಿ. ಅದೇ ಮೊಮ್ಮಗಳು ಬೇರೆ ಮ್ಯೂಸಿಯಂಗೆ ಪತ್ರಗಳನ್ನೋ ಫೋಟೋಗಳನ್ನೋ ಕೊಟ್ಟಿರುವುದುಂಟು.